ಬದುಕಿನ ಅರ್ಥಕ್ಕೆ ಮಲ್ಲಿಗೆ ಕುಂಡ: ನನ್ನ ಅನುಭವ

"ಮಲ್ಲಿಗೆ ಕಟ್ಟಿದರೆ ಬದುಕಿಗೆ ಅರ್ಥ ಸಿಗ್ತದಾ ಮಾರಾಯ್ರೆ?" ಅಂತ ನನ್ನ ಹಾಗೇ ಕೌನ್ಸೆಲಿಂಗ್ ಮಾಡುವ ಗೆಳೆಯರೆಲ್ಲ ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ದು ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಉಡುಪಿಯಲ್ಲಿ ನಮ್ಮದೊಂದು ಸಣ್ಣ ಗುಂಪು. ಎಲ್ಲ ನಿವೃತ್ತರು, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಔಷಧಿ ಬೇಕಾದವರನ್ನು ಮೊದಲೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಉಳಿದವರದ್ದು ಒಂದೇ ಮಾತು: "ಇನ್ನು ಎಂತಕ್ಕೆ ಇರುವುದು?"

ದುಡ್ಡು ಹೋದ ಕಥೆ ಮೊದಲು. ಪ್ಲಾಸ್ಟಿಕ್ಕಿನ ಮೆದುಳಿನ ಮಾಡೆಲ್, ನಾಲ್ಕು ಸಾವಿರದ ಹತ್ತಿರ. ಪ್ರೊಜೆಕ್ಟರ್ ಬಾಡಿಗೆ ಬೇರೆ. ಸುಮ್ನೆ ಕೂತಾಗಲೂ ಮೆದುಳು ಸುಮ್ಮನಿರುವುದಿಲ್ಲ, ಅದಕ್ಕೆ 2001ರಲ್ಲಿ ಮೆದುಳು ವಿಜ್ಞಾನಿ ರೈಕಲ್ ತಂಡ ಇಟ್ಟ ಹೆಸರು ಡಿಫಾಲ್ಟ್ ಮೋಡ್, ಅದೇ ಯೋಚನೆ ತಿರುಗಿ ತಿರುಗಿ ಬರುವುದು, ಎಲ್ಲ ತೋರಿಸಿದೆ. "ಲಾಯ್ಕಾಯ್ತು" ಅಂದರು, ಚಹಾ ಕುಡಿದು ಹೋದರು. ಮನೆಯಲ್ಲಿ ಮತ್ತೆ ಅದೇ ಕುರ್ಚಿ. ಆಮೇಲೆ ಕೃತಜ್ಞತೆಯ ಡೈರಿ ಕೊಟ್ಟೆ. ಎರಡು ವಾರ ಕಳೆಯುವಾಗ ಎಲ್ಲರ ಪುಟದಲ್ಲೂ "ದೇವರ ದಯೆ" ಅಂತ ಒಂದೇ ಸಾಲು. ಹೊರಗಿನಿಂದ ಪರಿಣತರೊಬ್ಬರನ್ನು ಕರೆಸಿದ್ದಕ್ಕೆ ಕಾರು, ಊಟ, ಶಾಲು ಸೇರಿ ಹತ್ತು ಹನ್ನೆರಡು ಸಾವಿರ. ಅರ್ಧ ಜನ ನಿದ್ದೆ ಹೊಡೆದರು.

ಬದುಕಿನ ಅರ್ಥದ ಬಗ್ಗೆ ಬರೆದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ನಾಜಿ ಕ್ಯಾಂಪಿನಲ್ಲಿ ಬದುಕುಳಿದ ಕಥೆ ಕೌನ್ಸೆಲಿಂಗಿನವರು ನಾವೆಲ್ಲ ಹೇಳುತ್ತೇವೆ, ಅಲ್ವಾ? ನನ್ನ ಕೆಲಸಕ್ಕೆ ಬಂದದ್ದು ಅದಕ್ಕಿಂತ ಹಿಂದಿನದು. ವಿಯೆನ್ನಾದಲ್ಲಿ ಕೆಲಸ ಸಿಗದೆ ಕುಸಿದಿದ್ದ ಹುಡುಗರನ್ನು ಅವನು ಲೈಬ್ರರಿ, ಯುವಕ ಸಂಘಗಳ ಬಿಟ್ಟಿ ಕೆಲಸಕ್ಕೆ ಹಚ್ಚಿದ್ದ. ಹಸಿವು ಹಾಗೇ ಇತ್ತು, ಮಂಕು ಹೋಯಿತು. ಇನ್ನೊಂದು, ಮನಶ್ಶಾಸ್ತ್ರಜ್ಞೆಯರಾದ ಲ್ಯಾಂಗರ್ ಮತ್ತು ರೋಡಿನ್ ಅವರ 1976ರ ಪ್ರಯೋಗ. ಅಮೆರಿಕದ ವೃದ್ಧಾಶ್ರಮದ ಒಂದು ಮಹಡಿಯವರಿಗೆ ಗಿಡ ಕೊಟ್ಟು "ನೀವೇ ನೋಡಿಕೊಳ್ಳಿ" ಅಂದರು. ಇನ್ನೊಂದು ಮಹಡಿಯವರ ಗಿಡಕ್ಕೆ ನರ್ಸ್‌ಗಳೇ ನೀರು ಹಾಕಿದರು. ತಾವೇ ನೋಡಿಕೊಂಡವರು ಜಾಸ್ತಿ ಚುರುಕಾದರು.

ಗಿಡ ಅಂದ ಮೇಲೆ ಉಡುಪಿಯಲ್ಲಿ ಮಲ್ಲಿಗೆ ಬಿಟ್ಟು ಬೇರೆ ಎಂತ? ಟೆರೇಸಿನಲ್ಲಿ ಮೂವತ್ತು ನಲವತ್ತು ಕುಂಡ ಇಟ್ಟೆ. ಮಣ್ಣು, ಗೊಬ್ಬರ, ಗಿಡ ಎಲ್ಲ ಸೇರಿ ಹದಿನೈದು ಸಾವಿರ ದಾಟಿತು. ಹೂ ಬರಲು ವರ್ಷದ ಹತ್ತಿರ ಬೇಕು. ಅಲ್ಲಿಯವರೆಗೆ ಮಲ್ಲಿಗೆಗೆ ಹೆಸರಾದ ಶಂಕರಪುರದಿಂದ ಮೊಗ್ಗು ತರಿಸಿ ಕಟ್ಟಲು ಕಲಿಸಿದೆ. (ಗೊಬ್ಬರದ ಅಳತೆ ಮಾತ್ರ ಕೇಳಬೇಡಿ.)

ಮೊದಲು ಕಟ್ಟಿದ ಹೂವನ್ನು ಮಲ್ಲಿಗೆ ಕೊಳ್ಳುವ ಕಟ್ಟೆಗೆ ಕೊಟ್ಟು ದುಡ್ಡು ಹಂಚಿದೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ದಿನಕ್ಕೊಂದು ರೇಟು. ಲೆಕ್ಕ ಶುರುವಾದದ್ದೇ ತಡ, ಜಗಳವೂ ಶುರು. ಒಬ್ಬರು ಅಮ್ಮ "ನಾನೆಂತ ಕೂಲಿಗೆ ಬಂದದ್ದಾ?" ಅಂತ ನಾರು ಬಿಸಾಡಿ ಎದ್ದರು. ಮಾರಾಟ ನಿಲ್ಲಿಸಿದೆ. ಗುಂಪಿನ ಒಬ್ಬೊಬ್ಬರೂ ಯಾರಿಗಾಗಿ ಮಾಲೆ ಕಟ್ಟಬೇಕು ಎಂದು ಊರಿನ ಒಬ್ಬೊಬ್ಬರನ್ನು ಗೊತ್ತು ಮಾಡಿದೆ: ಶಾಲೆಗೆ ಹೊರಡುವ ಟೀಚರ್, ಗುಡಿಯ ಭಟ್ರು, ಮೀನು ಮಾರುವ ಅಕ್ಕ. ಯಾರಿಗೆ ಯಾರು ಎಂದು ಹೇಗೆ ಆರಿಸುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಹೆಂಡತಿ ತೀರಿಹೋದ ಮೇಲೆ ಗೇಟು ದಾಟುತ್ತಿರಲಿಲ್ಲ. ಮಗಳು ಎಳೆದುಕೊಂಡೇ ಬಂದಳು. ಒದ್ದೆ ಬಾಳೆನಾರು, ಈ ಕಡೆ ಎರಡು ಮೊಗ್ಗು, ಆ ಕಡೆ ಎರಡು, ಒಂದು ಸುತ್ತು. ಬಿಗಿ ಎಳೆದರೆ ತೊಟ್ಟು ತುಂಡು, ಸಡಿಲ ಬಿಟ್ಟರೆ ಮೊಗ್ಗು ನೆಲಕ್ಕೆ. ಅವರ ಮಾಲೆ ಮುಡಿದ ಮೀನಿನ ಅಕ್ಕ ಮಾರನೇ ದಿನ "ಎಂತ ರಾಯರೇ, ಮಾರ್ಕೆಟ್ ಮುಟ್ಟುವಾಗ ಅರ್ಧ ಹೂವೇ ಇರ್ಲಿಲ್ಲ!" ಅಂದರು. ಮುಖ ಕೆಂಪಾಯಿತು. ಮರುದಿನ ನಾನು ಬೀಗ ತೆಗೆಯುವ ಮೊದಲೇ ಅವರು ಬಾಗಿಲಲ್ಲಿ. ಪ್ಲಾಸ್ಟಿಕ್ ಮೆದುಳು ಮಾಡದ ಕೆಲಸ ಆ ಬೈಗುಳ ಮಾಡಿತು.

ಬದುಕಿನಲ್ಲಿ ಅರ್ಥ ಎಷ್ಟು ಕಾಣುತ್ತದೆ ಎಂದು ಅಳೆಯಲು ಮನಶ್ಶಾಸ್ತ್ರಜ್ಞ ಸ್ಟೆಗರ್ ತಂಡ 2006ರಲ್ಲಿ ಮಾಡಿದ 10 ಪ್ರಶ್ನೆಗಳ ಪಟ್ಟಿಯೊಂದಿದೆ, ಅದನ್ನೇ ಗುಂಪಿಗೆ ಕೊಟ್ಟೆ. "ಅರ್ಥ ಇದೆ" ಎನ್ನುವ ಭಾಗದಲ್ಲಿ ಗುಂಪಿನ ಸರಾಸರಿ 35ಕ್ಕೆ 17-18 ಇದ್ದದ್ದು 25ರ ಆಸುಪಾಸಿಗೆ ಬಂತು. "ಹುಡುಕುತ್ತಿದ್ದೇನೆ" ಎನ್ನುವ ಭಾಗ ಇಳಿಯಿತು. ಸಣ್ಣ ಗುಂಪು, ಹೋಲಿಸಲು ಇನ್ನೊಂದು ಗುಂಪಿಲ್ಲ, ತಕರಾರು ಮಾಡುವವರು ಮಾಡಲಿ. ಅರ್ಥದ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ ಎಂಬುದನ್ನೂ ಬರೆದುಕೊಳ್ಳಲಿ.

ಮಲ್ಪೆ ಬೀಚಿನ ನಡಿಗೆಯನ್ನೂ ನೋಡಿದೆ. ನಿದ್ದೆಗೆ ಒಳ್ಳೆಯದು, ಆ ಪಟ್ಟಿಯ ಅಂಕ ಹಂದಾಡಲಿಲ್ಲ. ಮಳೆಗಾಲದಲ್ಲಿ ಮೊಗ್ಗು ಕಡಿಮೆ, ಆಟಿ ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ ಮಾಡಿಸಿದೆ. ಮಾಡಿದವರೇ ಅಲ್ಲೇ ತಿಂದು ಮುಗಿಸಿದರು, ಕಾಯುವವರು ಯಾರೂ ಇರಲಿಲ್ಲ. ಬರುವ ಮಳೆಗೆ ಪತ್ರೊಡೆಯನ್ನೂ ಹೆಸರು ಹಚ್ಚಿ ಮನೆಮನೆಗೆ ಕಳಿಸುವವನಿದ್ದೇನೆ. ಆಟೋ ಖರ್ಚು ಯಾರು ಕೊಡುವುದು ಎಂಬುದೊಂದು ತೀರ್ಮಾನವಾಗಬೇಕು.