ಬೇಡ ಅಂದ ಮರುದಿನ ಬಸ್ಸಲ್ಲಿ ಹೇಗಿರಬೇಕು?

ಪ್ರೀತಿ ಹೇಳಿಕೊಳ್ಳುವುದು ಹೇಗೆ ಅಂತ ಕಲಿಸುವವರು ಊರ ತುಂಬ ಇದ್ದಾರೆ. ಬೇಡ ಅಂದವರ ಎದುರು ಮರುದಿನ ಹೇಗಿರಬೇಕು ಅಂತ ಹೇಳುವವರು ನನಗಂತೂ ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕೊಪ್ಪಳ, ಕೆಲಸ ಹೊಸಪೇಟೆಯಲ್ಲಿ. ಅವಳದೂ ಹಾಗೇ. ಗಿಣಿಗೇರಾ, ಮುನಿರಾಬಾದ್ ದಾಟಿ ಹೋಗುವ ಬೆಳಗಿನ ಬಸ್ಸಲ್ಲೇ ಪರಿಚಯ. ಒಂದು ಸಂಜೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನೇರವಾಗಿ ಕೇಳಿದೆ.

"ನನ್ನ ಮನಸ್ಸಿನ್ಯಾಗ ಹಂಗೇನೂ ಇಲ್ರೀ" ಅಂದಳು.

"ಆತ್ರೀ, ಬಿಚ್ಚಿ ಹೇಳಿದ್ದು ಛಲೋ ಆತು" ಅಂದೆ. ಗಂಟಲು ಒಣಗಿತ್ತು. ಅದಕ್ಕಿಂತ ಜಾಸ್ತಿ ಮಾತಾಡಲಿಲ್ಲ.

ಯಾಕೆ ಅಂತಲೂ ಕೇಳಲಿಲ್ಲ. ಕಾರಣ ಕೇಳಿದರೆ ಏನಾಗುತ್ತೆ ನೋಡಿ: ಅವಳು ಜಾತಿ ಅಂದರೆ ನಾವು ಮನೆಯವರನ್ನ ಒಪ್ಪಿಸ್ತೀನಿ ಅಂತೀವಿ, ಸಂಬಳ ಅಂದರೆ ಬೇರೆ ಕೆಲಸ ಹುಡುಕ್ತೀನಿ ಅಂತೀವಿ, ಕೊನೆಗೆ ಆ ಹುಡುಗಿ ಏನೋ ತಪ್ಪು ಮಾಡಿದವಳ ಥರ ಸಮಜಾಯಿಷಿ ಕೊಡುತ್ತಾ ಕೂರಬೇಕು. ಮನಸ್ಸಿಲ್ಲ ಅನ್ನೋದೇ ಸಾಕಷ್ಟು ದೊಡ್ಡ ಕಾರಣ, ಅಲ್ವಾ?

ನನಗೆ ತಲೆಬಿಸಿ ಆಗಿದ್ದು ಸೀಟಿನದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಬಸ್ಸಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬಸ್ಸು ನಿಲ್ಲೋದರೊಳಗೇ ಕಿಟಕಿಯಿಂದ ಕರ್ಚೀಫ್ ಹಾಕಬೇಕು. ನಾನು ಒಂದು ಸೀಟಿಗೆ ಕರ್ಚೀಫ್, ಪಕ್ಕದ್ದಕ್ಕೆ ಟಿಫಿನ್ ಚೀಲ ಹಾಕಿ ಅವಳಿಗೂ ಜಾಗ ಹಿಡಿಯುತ್ತಿದ್ದೆ. ಈಗ ಏನು ಮಾಡೋದು? ಹಿಡಿಯುತ್ತಲೇ ಇದ್ದರೆ ಕೂತಾಗೆಲ್ಲ ಅವಳಿಗೆ ಋಣದ ಭಾರ, ಇವನಿಗಿನ್ನೂ ಆಸೆ ಹೋಗಿಲ್ಲ ಅನ್ನೋ ಅನುಮಾನ ಬೇರೆ. ಏನೂ ಹೇಳದೆ ಬಿಟ್ಟರೆ ಸೇಡು ತೀರಿಸಿಕೊಂಡ ಹಾಗೆ. ಹಾಗಾಗಿ ಹೇಳಿಯೇ ಬಿಟ್ಟೆ: "ನಾಳಿಂದ ನಾ ಮುಂಚಿನ ಬಸ್ಸಿಗೆ ಹೊಕ್ಕೇನ್ರೀ. ಸಿಟ್ಟಿಲ್ಲ, ಸ್ವಲ್ಪ ದಿನ ಒಬ್ಬನ ಇರ್ತೀನಿ." ಬಸ್ಸು ಬದಲಾಯಿಸಬೇಕಾದವನು ಕೇಳಿದವನೇ ಹೊರತು ಬೇಡ ಅಂದವಳಲ್ಲ. ಅರ್ಧ ಗಂಟೆ ಮುಂಚೆ ಏಳಬೇಕಾಯಿತು, ಅಷ್ಟೇ.

ವಾಟ್ಸ್ಆ್ಯಪ್‌ನಲ್ಲಿ ಬ್ಲಾಕ್ ಮಾಡಲಿಲ್ಲ, ಅವಳ ಸ್ಟೇಟಸ್ ಮ್ಯೂಟ್ ಮಾಡಿದೆ. ನಾನೂ ವಿರಹದ ಹಾಡು ಹಾಕಲಿಲ್ಲ. ಎಲ್ಲರಿಗೂ ಹಾಕಿದ ಹಾಗೆ ಕಂಡರೂ ಅದು ಒಬ್ಬರಿಗೇ ಬರೆದ ಕಾಗದ, ಮತ್ತೆ ಯಾರು ನೋಡಿದರು ಅಂತ ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡೋ ಚಟ ಬೇರೆ ಹತ್ತುತ್ತೆ. ರಾತ್ರಿ ಫೋನು ಪಡಸಾಲೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತಿದ್ದೆ.

ದುಃಖ ಆಗಲಿಲ್ಲ ಅಂತಲ್ಲ. ಗಂಗಾವತಿಯಲ್ಲಿರುವ ಅಕ್ಕನ ಹತ್ತಿರ ಎಲ್ಲ ಹೇಳಿಕೊಂಡೆ. "ಅಳಬೇಕಂದ್ರ ಅಳು, ಆದ್ರ ಆಕಿ ಮುಂದ ಹೋಗಿ ಅಳಬ್ಯಾಡ" ಅಂದಳು. ಅಕ್ಕನಂಥವರು ಯಾರೂ ಇಲ್ಲದಿದ್ದರೆ, ಊಟ ನಿದ್ದೆ ಕೆಟ್ಟು ಕೆಟ್ಟ ಯೋಚನೆ ಬರುತ್ತಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಇಷ್ಟೆಲ್ಲಕ್ಕಿಂತ ಕಷ್ಟ ಆಗಿದ್ದು ಗೆಳೆಯರನ್ನು ಸಂಭಾಳಿಸೋದು. "ಹುಡುಗ್ಯಾರು ಮೊದಲ ಹಂಗ ಅಂತಾರಲೇ, ಇನ್ನೊಮ್ಮೆ ಕೇಳು." ಸಿನಿಮಾ ನೋಡಿ ನೋಡಿ ಬಂದ ಬುದ್ಧಿ ಇದು. ನಾನು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ತೆಗೆದು ತೋರಿಸಿದೆ. ಹೆಣ್ಣುಮಗಳು ಇಷ್ಟವಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದ ಮೇಲೂ ಹಿಂಬಾಲಿಸಿದರೆ, ಮತ್ತೆ ಮತ್ತೆ ಮಾತಿಗೆ ಯತ್ನಿಸಿದರೆ ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. ಕಾನೂನಿಗೆ ಹೆದರಿ ನಾನು ಸುಮ್ಮನಿದ್ದದ್ದಲ್ಲ. ಅವರ ಬಾಯಿ ಮುಚ್ಚಿಸೋಕೆ ಮಾತ್ರ ಇದು ಚೆನ್ನಾಗಿ ಕೆಲಸ ಮಾಡಿತು.

ಒಬ್ಬ ಮಾತ್ರ ಬಗ್ಗಲಿಲ್ಲ. ಜನವರಿಯ ಗವಿಮಠದ ಜಾತ್ರೆಯಲ್ಲಿ, ದಾಸೋಹದ ಸಾಲಿನಲ್ಲಿ ನಿಂತಾಗ ಅವಳು ತನ್ನ ತಾಯಿ ಜೊತೆ ಎದುರಾದಳು. "ಆರಾಮರೀ?" ಅಂದಳು. "ಆರಾಮ್ರೀ, ನೀವು?" ಅಂದೆ. ಅವರು ಹೋದರು, ನಮ್ಮ ಸಾಲು ಮುಂದೆ ಸರಿಯಿತು. ಗೆಳೆಯ ಮೊಣಕೈಯಲ್ಲಿ ತಿವಿದ, "ಆಕಿನ ಮಾತಾಡ್ಸಿದ್ಲಲ್ಲಲೇ, ಹೋಗು!" ಹೋಗಲಿಲ್ಲ ಅಂತ ಅವನಿಗೆಷ್ಟು ಸಿಟ್ಟು ಬಂತೆಂದರೆ, ತಟ್ಟೆಗೆ ಬಿದ್ದ ನನ್ನ ಮಿರ್ಚಿನೂ ಅವನೇ ತಿಂದ.