ಸಾಫ್ಟ್‌ವೇರ್‌ಗೆ ತಿಂಗಳ ಬಾಡಿಗೆ ಕಟ್ಟದೆ ಮೆಷಿನ್ ಮೇಂಟೆನೆನ್ಸ್ ಲೆಕ್ಕ: ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಜಾಬ್ ವರ್ಕ್, ಅಂದರೆ ಬೇರೆ ಕಂಪನಿಗಳ ಆರ್ಡರ್ ಮೇಲೆ ಕೆಲಸ ಮಾಡಿಕೊಡುವ ಸಣ್ಣ ಶಾಪ್. ಕಂಪ್ಯೂಟರ್ ನಿಯಂತ್ರಣದಲ್ಲಿ ಓಡುವ ಕೆಲವು ಸಿಎನ್‌ಸಿ ಮೆಷಿನ್, ಗಾಳಿ ಒತ್ತಡಕ್ಕೆ ಒಂದು ಸ್ಕ್ರೂ ಕಂಪ್ರೆಸರ್, ಒಂದು ಡಿಜಿ ಸೆಟ್ (ಡೀಸೆಲ್ ಜನರೇಟರ್). ಮೇಂಟೆನೆನ್ಸ್‌ಗೆ ಅಂತ ಬೇರೆ ಆಳಿಲ್ಲ. ಸರ್ವಿಸ್ ಲೆಕ್ಕವೆಲ್ಲ ಒಂದು ರಿಜಿಸ್ಟರ್‌ನಲ್ಲಿತ್ತು. ಬರೆಯುವವರು ಬರೆಯುತ್ತಿದ್ದರು, ತೆಗೆದು ನೋಡುವವರು ಯಾರೂ ಇರಲಿಲ್ಲ.

ಸಾಫ್ಟ್‌ವೇರ್ ಹುಡುಕಲು ಕೂತಾಗ ತೊಡಕಾಗಿದ್ದು ಬೆಲೆಯಲ್ಲ, ಬೆಲೆ ಹಾಕುವ ರೀತಿ. ಹೆಚ್ಚಿನವರು ಒಬ್ಬ ಯೂಸರ್‌ಗೆ ತಿಂಗಳಿಗೆ ಇಷ್ಟು ಡಾಲರ್ ಅಂತಾರೆ. ನಮ್ಮಲ್ಲಿ ಶಿಫ್ಟ್ ಬದಲಾಗುತ್ತೆ, ಮೆಷಿನ್ ಮುಂದೆ ನಿಲ್ಲುವ ಎಲ್ಲರಿಗೂ ಲಾಗಿನ್ ಬೇಕು. ಸೂಪರ್‌ವೈಸರ್‌ಗೆ ಮಾತ್ರ ಕೊಡಿಸಿದರೆ ಅವರು ಸಂಜೆ ಎಲ್ಲರನ್ನೂ ಕೇಳಿಕೊಂಡು ತುಂಬಬೇಕು. ಅದಕ್ಕೆ ರಿಜಿಸ್ಟರೇ ಸಾಕಲ್ವಾ?

ಅದಕ್ಕೇ ಗೂಗಲ್ ಫಾರ್ಮ್ ಮತ್ತು ಶೀಟ್ ಹಿಡಿದೆ. ಫಾರ್ಮ್‌ನಲ್ಲಿ ಮೊದಲೇ ಉತ್ತರ ತುಂಬಿದ ಲಿಂಕ್ ಮಾಡಿಕೊಳ್ಳಬಹುದು. ಒಂದೊಂದು ಮೆಷಿನ್ ಹೆಸರಿಗೆ ಒಂದೊಂದು ಲಿಂಕ್ ಮಾಡಿ, ಅದರ ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿಸಿ ಪ್ಯಾನೆಲ್ ಪಕ್ಕ ಅಂಟಿಸಿದೆವು. ಕೂಲಂಟ್ (ಮೆಷಿನ್ ತಣ್ಣಗಿಡುವ ದ್ರವ) ಸಿಡಿಯುವ ಕಡೆ ಅಂಟಿಸಬೇಡಿ, ಬೇಗ ಕಿತ್ತುಬರುತ್ತೆ. ಆಪರೇಟರ್ ಸ್ಕ್ಯಾನ್ ಮಾಡಿದರೆ ಮೆಷಿನ್ ಹೆಸರು ಆಗಲೇ ತುಂಬಿರುತ್ತೆ. ಉಳಿದ ಪ್ರಶ್ನೆಗಳೆಲ್ಲ ಕನ್ನಡದಲ್ಲೇ ಇವೆ: ಗಂಟೆ ಮೀಟರ್ (ಮೆಷಿನ್ ಒಟ್ಟು ಓಡಿದ ಗಂಟೆ) ಎಷ್ಟು, ಲ್ಯೂಬ್ ಆಯಿಲ್ ಇದೆಯಾ, ಕಂಪ್ರೆಸರ್ ಟ್ಯಾಂಕ್‌ನಲ್ಲಿ ನಿಂತ ನೀರು ಹೊರಬಿಟ್ಟಿರಾ, ಏನಾದರೂ ಶಬ್ದ ಬರ್ತಿದೆಯಾ. ಕೊನೆಯದಕ್ಕೆ ಟೈಪ್ ಮಾಡುವ ಬದಲು ಮೈಕ್ ಒತ್ತಿ ಕನ್ನಡದಲ್ಲೇ ಹೇಳುತ್ತಾರೆ. ಫೋಟೋ ಪ್ರಶ್ನೆ ಮಾತ್ರ ಇಟ್ಟಿಲ್ಲ. ಫೈಲ್ ಹಾಕಬೇಕಾದರೆ ಫಾರ್ಮ್ ಲಾಗಿನ್ ಕೇಳುತ್ತೆ. ಫೋಟೋ ಇದ್ದರೆ ವಾಟ್ಸಾಪ್ ಗ್ರೂಪಿಗೆ ಬರುತ್ತೆ.

ನಿಜವಾದ ಕೆಲಸ ನಡೆಯೋದು ಶೀಟ್‌ನಲ್ಲಿ. ಕಂಪ್ರೆಸರ್ ಸರ್ವಿಸ್‌ಗೆ ತಾರೀಖಿಗಿಂತ ಓಡಿದ ಗಂಟೆ ಮುಖ್ಯ. ಆರ್ಡರ್ ಜಾಸ್ತಿ ಇದ್ದ ತಿಂಗಳು ಗಂಟೆಗಳೂ ಬೇಗ ಓಡುತ್ತವೆ. ಮ್ಯಾಕ್ಸ್‌ಇಫ್ಸ್ (MAXIFS) ಫಾರ್ಮುಲಾದಿಂದ ಪ್ರತಿ ಮೆಷಿನ್‌ನ ಅತಿ ದೊಡ್ಡ, ಅಂದರೆ ಇತ್ತೀಚಿನ ರೀಡಿಂಗ್ ತೆಗೆದು, ಕಳೆದ ಸರ್ವಿಸ್ ಆದಾಗಿನ ಗಂಟೆಯನ್ನು ಕಳೆಯುತ್ತೇನೆ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿ ಹತ್ತಿರ ಬಂದರೆ ಸಾಲು ಹಳದಿ, ದಾಟಿದರೆ ಕೆಂಪು. ಯಾರಾದರೂ ಒಂದು ಸೊನ್ನೆ ಜಾಸ್ತಿ ಒತ್ತಿದರೆ ಲೆಕ್ಕವೆಲ್ಲ ಕೆಡುತ್ತೆ. ಆದ್ದರಿಂದ ಫಾರ್ಮ್‌ನಲ್ಲೇ ಗಂಟೆ ಮೀಟರ್ ಪ್ರಶ್ನೆಯ ಉತ್ತರಕ್ಕೆ ಗರಿಷ್ಠ ಮಿತಿ ಹಾಕಿಡಿ, ಆಗಾಗ ಅದನ್ನು ಏರಿಸುತ್ತಾ ಹೋಗಿ.

ಸ್ಪೇರ್ ಸ್ಟಾಕ್, ಖರೀದಿ ಎಲ್ಲ ಒಂದೇ ಕಡೆ ಬೇಕು ಅನ್ನುವವರಿಗೆ ಇಷ್ಟು ಸಾಲದು. ಮುಂಬೈನ ಫ್ರಾಪ್ಪೆ ಕಂಪನಿಯವರ ಇಆರ್‌ಪಿನೆಕ್ಸ್ಟ್, ಸ್ಟಾಕ್, ಖರೀದಿ, ಲೆಕ್ಕ ಎಲ್ಲ ಸೇರಿದ ಸಾಫ್ಟ್‌ವೇರ್, ಓಪನ್ ಸೋರ್ಸ್. ಲೈಸೆನ್ಸ್‌ಗೆ ದುಡ್ಡಿಲ್ಲ, ಆದರೆ ಸರ್ವರ್ ಮತ್ತು ಅದನ್ನು ನೋಡಿಕೊಳ್ಳುವವರ ಖರ್ಚು ನಿಮ್ಮದು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಒಡೂ (Odoo)ನಲ್ಲೂ ಮೇಂಟೆನೆನ್ಸ್ ಆಪ್ ಇದೆ. ಅವರ ಆನ್‌ಲೈನ್ ಸೇವೆಯಲ್ಲಿ ಒಂದೇ ಆಪ್ ಬಳಸಿದರೆ ಉಚಿತ. ಸ್ಟಾಕ್ ಆಪ್ ಸೇರಿಸಿದ ಕೂಡಲೇ ಯೂಸರ್ ಲೆಕ್ಕದ ಬಿಲ್ ಶುರು. ಇವುಗಳಲ್ಲಿ ಯಾವುದಕ್ಕೆ ಹೋಗುವುದಾದರೂ ಡೆಮೋ ಕೊಡುವವರ ಮುಂದೆ ನಿಮ್ಮ ಒಬ್ಬ ಆಪರೇಟರ್‌ನನ್ನು ಕೂರಿಸಿ, ಅವನ ಫೋನ್‌ನಲ್ಲೇ ಒಂದು ಬ್ರೇಕ್‌ಡೌನ್ ಎಂಟ್ರಿ ಮಾಡಿಸಿ ನೋಡಿ. ಹಳೆಯ ಎಂಟ್ರಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಬರುತ್ತಾ ಅಂತಲೂ ಅಲ್ಲೇ ಕೇಳಿ.