ಸಮಾಧಾನ ಹೇಳೋಕೆ ಬಾರದವನ ಅನುಭವ

ಧಾರವಾಡದ ಸಪ್ತಾಪುರದ ನಮ್ಮ ರೂಮಿನಲ್ಲಿ ಜಗಳ ಆಗದ ವಿಷಯ ಅಂದರೆ ಬಾಡಿಗೆ ಒಂದೇ. ಅದು ಅರ್ಧಕ್ಕರ್ಧ ಅಂತ ಮೊದಲೇ ತೀರ್ಮಾನ ಆಗಿದೆ. ಉಳಿದದ್ದಕ್ಕೆಲ್ಲ ಜಗಳ. ನನ್ನ ರೂಮ್‌ಮೇಟ್ ಎಫ್‌ಡಿಎ, ಪಿಡಿಒ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ನಡುರಾತ್ರಿವರೆಗೆ ಲೈಟ್ ಹಾಕಿಕೊಂಡು ಓದುತ್ತಾನೆ. ನಾನು ಬೆಳಿಗ್ಗೆ ಬೇಗ ಹೋಗಿ ಝೆರಾಕ್ಸ್ ಅಂಗಡಿಯ ಶಟರ್ ಎತ್ತಬೇಕು. ನನಗೆ ಫ್ಯಾನ್ ಬೇಕು, ಅವನಿಗೆ ಬೇಡ. ನಮ್ಮ ಓಣಿಗೆ ನಳದ ನೀರು ದಿನಾ ಬರೋದಿಲ್ಲ. ಬಂದ ದಿನ ಬ್ಯಾರಲ್ ತುಂಬೋ ಪಾಳಿ ಯಾರದು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಆದರೂ ಜಗಳ.

ಅವನು ನವಲಗುಂದ ತಾಲ್ಲೂಕಿನವನು, ನಾನು ಬ್ಯಾಡಗಿ ಕಡೆಯವನು. ಹೆಸರು ಹಿಡಿದು ಕರೆಯೋದು ಕಮ್ಮಿ. ಅವನು ನನಗೆ 'ಬ್ಯಾಡಗಿ', ನಾನು ಅವನಿಗೆ 'ನವಲಗುಂದ'. ಬ್ಯಾಡಗಿ ಮೆಣಸಿನಕಾಯಿ ಹೆಂಗೋ ನಾನೂ ಹಂಗೇ ಅಂತ ಅವನ ವಾದ: ಬಣ್ಣ ಕೆಂಪು, ಖಾರ ಅಷ್ಟಕ್ಕಷ್ಟೆ. ನಾನು ಇದನ್ನು ಒಪ್ಪಿಲ್ಲ.

ಹೋದ ಮಳೆಗಾಲದಲ್ಲಿ ಅವನ ಅವ್ವ ತೀರಿಕೊಂಡರು. ಫೋನ್ ಬಂದಾಗ ನಡುರಾತ್ರಿ ದಾಟಿತ್ತು, ಬೆಳಗಿನವರೆಗೆ ಬಸ್ ಇರಲಿಲ್ಲ. ಅಂಗಡಿ ಮಾಲೀಕರನ್ನು ಎಬ್ಬಿಸಿ ಬೈಕ್ ಇಸಿದುಕೊಂಡು ನಾನೇ ಅವನನ್ನು ಊರಿಗೆ ಮುಟ್ಟಿಸಿದೆ. ದಾರಿಯುದ್ದಕ್ಕೂ ನಾನು ಆಡಿದ್ದು ಒಂದೇ ಮಾತು, "ಸ್ವೆಟರ್ ಯಾಕ ಹಾಕ್ಕೊಂಡಿಲ್ಲಲೇ?" ಅದಕ್ಕೂ ಉತ್ತರ ಬರಲಿಲ್ಲ.

ದಿನಕಾರ್ಯ ಎಲ್ಲ ಮುಗಿಸಿ ಅವನು ವಾಪಸ್ ರೂಮಿಗೆ ಬಂದ ಮೇಲಿನ ಕಥೆ ನಾನು ಹೇಳಬೇಕಾದದ್ದು. ಊರಲ್ಲಿ ಮನೆ ತುಂಬ ಜನ ಇರುತ್ತಾರೆ. ರೂಮಿನಲ್ಲಿ ನಾನೊಬ್ಬನೇ, ಅದೂ ನನ್ನಂಥವನು. ಕೋಚಿಂಗ್ ಗೆಳೆಯರು ಗುಂಪಾಗಿ ಬಂದರು. "ಧೈರ್ಯ ತಗೋ" ಅಂದರು. "ನೌಕರಿ ಹಿಡದ್ರ ಅವ್ವನ ಆತ್ಮಕ್ಕ ಶಾಂತಿ" ಅಂದರು. ಅವನು ಎಲ್ಲದಕ್ಕೂ ಹೂಂ ಅಂದ. ಅವರು ಹೋದ ಮೇಲೆ ಚಹಾ ಕಪ್ಪು ತೊಳೆಯುತ್ತಾ ನಿಂತವನು ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದ. ನನಗೆ ಅಂಥ ಮಾತು ಬಾಯಿಗೆ ಬರೋದೇ ಇಲ್ಲ. ಬಂದಿದ್ದರೂ ಆಡುತ್ತಿರಲಿಲ್ಲ ಅನ್ನಿ. ದಿನಾ ಬೈಯೋನು ಒಂದೇ ಸಲ ಮೆತ್ತಗಾದರೆ, ತನಗೆ ಏನೋ ದೊಡ್ಡದೇ ಆಗಿದೆ ಅಂತ ಎದುರಿನವನಿಗೆ ಇನ್ನೂ ಹೆದರಿಕೆ.

ಆದರೆ ಒಂದು ಲಾಭ ಇತ್ತು. ಯಾರ ಜೊತೆ ಜಾಸ್ತಿ ಜಗಳ ಆಡುತ್ತೇವೋ ಅವರ ಎಲ್ಲ ಚಟ ನಮಗೆ ಬಾಯಿಪಾಠ. ಅವನು ಎಷ್ಟಕ್ಕೆ ಏಳುತ್ತಾನೆ, ಬಾಗಿಲ ಚಿಲಕ ಹೆಂಗೆ ಎಳೆಯುತ್ತಾನೆ, ಎಷ್ಟು ಉಪ್ಪು ಹಾಕುತ್ತಾನೆ, ಎಲ್ಲಕ್ಕೂ ಒಮ್ಮೆಯಾದರೂ ಕಿತ್ತಾಡಿದ್ದೇನೆ. ನಾನು ಮಾಡಿದ್ದೆಲ್ಲ ಆ ಬಾಯಿಪಾಠದಿಂದಲೇ.

ಮೊದಲು ಬುತ್ತಿ. ಧಾರವಾಡದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಂದ ಬೆಳಗಿನ ಬಸ್ಸಿಗೆ ಬುತ್ತಿ ಹಾಕುತ್ತಾರೆ, ಮಗ ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುತ್ತಾನೆ, ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸ್. ಅವನ ಬುತ್ತಿ ಚೀಲದ ಮೇಲೆ ಅವನ ಅವ್ವ ಕೆಂಪು ದಾರದಲ್ಲಿ ಅವನ ಹೆಸರು ಹೊಲಿದಿದ್ದರು. ಊರಿಂದ ಬಂದ ಮೇಲೂ ಅವನು ಅದೇ ಹೊತ್ತಿಗೆ ಎದ್ದು, ಚಿಲಕ ತೆಗೆದು, ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದ. ಬುತ್ತಿ ಬರೋದಿಲ್ಲ ಅನ್ನೋದು ಆಗ ನೆನಪಾಗುತ್ತಿತ್ತು ಅಂತ ಕಾಣುತ್ತೆ.

ಆ ಚಿಲಕದ ಸದ್ದಿಗೆ ನಾನು ಎಷ್ಟೋ ಸಲ ಬೈದಿದ್ದೆ. ಹೀಗಾಗಿ ಅವನು ನಿಂತದ್ದು ಹಾಸಿಗೆಯಲ್ಲೇ ನನಗೆ ಗೊತ್ತಾಯಿತು. "ಹೆಂಗೂ ಎದ್ದೀಯಲ್ಲ, ಹಾಲಿನ ಪಾಕೀಟ್ ತಗೊಂಬಾ. ಸುಮ್ನ ಬಾಗಲಾ ತಗದು ಸೊಳ್ಳಿ ಯಾಕ ಬಿಡ್ತಿ?" ಅಂದೆ. ಹೋದ. ಮರುದಿನವೂ ಹೇಳಿದೆ. ಆಮೇಲೆ ನಾನೂ ಎದ್ದು ಜೊತೆಗೆ ಹೊರಟೆ. ಅವನು ಚಿಲ್ಲರೆ ಸರಿ ನೋಡಿ ತರೋದಿಲ್ಲ ಅಂತ ನೆಪ ಹೇಳಿದೆ. ಹಾಲು ತಗೊಂಡು ಕೆಸಿಡಿ ಕಾಲೇಜಿನ ಮೈದಾನ ಒಂದು ಸುತ್ತು ಹಾಕಿ ಬರೋದು ರೂಢಿ ಆಯಿತು. ಪೊಲೀಸ್ ಪರೀಕ್ಷೆಗೆ ತಯಾರಿ ಮಾಡೋ ಹುಡುಗರು ಅಲ್ಲಿ ಓಡುತ್ತಿರುತ್ತಾರೆ. ಅವರನ್ನು ನೋಡುತ್ತಾ ನಡೆದರೆ ಮಾತಿನ ಅಗತ್ಯವೇ ಇಲ್ಲ.

ರಾತ್ರಿ ಕಷ್ಟ. ಲೈಟ್ ಆರಿಸಿದ ಮೇಲೆ ಅವನು ಗೋಡೆ ಕಡೆ ತಿರುಗಿ ಅಳುತ್ತಿದ್ದ, ನನಗೆ ಕೇಳಬಾರದು ಅಂತ ಚಾದರ ಬಾಯಿಗೆ ಒತ್ತಿಕೊಂಡು. ನಾನು ಲೈಟ್ ಹಾಕಲಿಲ್ಲ. ಮುಖ ಕಾಣೋದು ಇಬ್ಬರಿಗೂ ಬೇಡವಾಗಿತ್ತು. ಎದ್ದು ಒಂದು ತಂಬಿಗೆ ನೀರು ಅವನ ಕೈಗೆಟುಕೋ ಹಾಗೆ ಇಟ್ಟೆ. ಅವನ ಕಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಮೊಬೈಲ್ ನೋಡುತ್ತಾ ಕೂತೆ. ಬೆನ್ನು ತಟ್ಟೋದು, ತಲೆ ಸವರೋದು ನನ್ನಿಂದ ಆಗೋದಿಲ್ಲ. ಒಂದು ಸಲ ಕೈ ಎತ್ತಿ ಅವನ ಕಾಲು ಮುಟ್ಟಿದೆ, ಅವನಿಗೂ ಕಸಿವಿಸಿ, ನನಗೂ ಕಸಿವಿಸಿ. "ಚಾ ಮಾಡ್ಲೇನು?" ಅಂದೆ. ಅಳು ನಿಂತಿತ್ತು ಅಂತಲ್ಲ, ಆದರೂ ಹೂಂ ಅಂದ. ಅವತ್ತಿಂದ ರಾತ್ರಿ ಎಚ್ಚರ ಆದಾಗಲೆಲ್ಲ ಚಹಾ. ಲೈಟಿನ ವಿಷಯದಲ್ಲಿ ಮಾತ್ರ ನಾನು ಸೋತೆ. "ಹಾಕ್ಕೊಂಡ ಓದು, ನನಗೂ ಸೆಕಿಗೆ ನಿದ್ದಿ ಹತ್ತವಲ್ದು" ಅಂತ ಸುಳ್ಳು ಹೇಳಿದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಂಥ ಸೆಕೆ? ಅವನು ಏನೂ ಕೇಳಲಿಲ್ಲ.

ಇನ್ನು ಕಾಗದ ಪತ್ರ. ಇದರಲ್ಲಿ ನಾನು ನಿಜಕ್ಕೂ ಉಪಯೋಗಕ್ಕೆ ಬಂದೆ. ಝೆರಾಕ್ಸ್ ಅಂಗಡಿಯಲ್ಲಿ ಕೂತವನಿಗೆ ಸಾವಿನ ಕಾಗದದ ದಾರಿ ಗೊತ್ತಿರುತ್ತೆ. 21 ದಿನದೊಳಗೆ ಮರಣ ನೋಂದಣಿ ಮಾಡಿಸಿದರೆ ಶುಲ್ಕ ಇಲ್ಲ, ತಡ ಆದಷ್ಟೂ ಓಡಾಟ. ಆ ಕೆಲಸ ಅವನ ಅಪ್ಪ ಊರಲ್ಲೇ ಮುಗಿಸಿದ್ದರು. ಇವನು ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು, ಎಲ್ಲದರದ್ದೂ ಎರಡೆರಡು ಪ್ರತಿ ತೆಗೆದುಕೊಡು ಅಂದ. ನಾನು ಅವನ ಅವ್ವನ ಬ್ಯಾಂಕ್ ಪಾಸ್‌ಬುಕ್ ಗಾಜಿನ ಮೇಲೆ ಮಗುಚಿ ಹಾಕುವಾಗ ಮೇ ತಿಂಗಳ ಸಾಲಿನಲ್ಲಿ 436 ರೂಪಾಯಿ ಕಡಿತ ಕಂಡಿತು. ಅದರ ಹಿಂದಿನ ವರ್ಷದ ಮೇ ತಿಂಗಳಲ್ಲೂ 436. ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಯಾವ ಕಾರಣಕ್ಕೆ ಸತ್ತರೂ ನಾಮಿನಿಗೆ 2 ಲಕ್ಷ. ಪಕ್ಕದಲ್ಲೇ 20 ರೂಪಾಯಿಯ ಇನ್ನೊಂದು ಕಡಿತ ಇತ್ತು, ಅದು ಅಪಘಾತ ವಿಮೆಯದು, ಇಲ್ಲಿ ಬರೋದಿಲ್ಲ. ಎಷ್ಟೋ ಮನೆಯವರಿಗೆ ಈ ಸಾಲು ಏನು ಅಂತಲೇ ತಿಳಿಯೋದಿಲ್ಲ, ಖಾತೆ ಬಂದ್ ಮಾಡಿಸಿ ಸುಮ್ಮನಾಗುತ್ತಾರೆ.

ರಾತ್ರಿ ರೂಮಿಗೆ ಬಂದು ನೇರವಾಗಿ ಹೇಳಿದೆ: "ನಿಮ್ಮ ಅವ್ವನ ಹೆಸರಿನ್ಯಾಗ ಇನ್ಶೂರೆನ್ಸ್ ಐತಿ. ಎರಡು ಲಕ್ಷ. ಫಾರ್ಮ್ ತಂದೀನಿ."

ಅವನು ಕಾಟಿನಿಂದ ಎದ್ದೇ ಬಿಟ್ಟ. "ನಮ್ಮವ್ವ ಹೋಗ್ಯಾಳ, ನಿನಗ ರೊಕ್ಕದ ಲೆಕ್ಕಾ ಬೇಕಾಗೇತೇನು?" ಅಂತ ಶುರು ಮಾಡಿದವನು ಫ್ಯಾನು, ಲೈಟು, ನೀರಿನ ಪಾಳಿ, ಎಂದೋ ನಾನು ಅವನ ಚಟ್ನಿ ಖಾಲಿ ಮಾಡಿದ್ದು, ಎಲ್ಲ ಎತ್ತಿ ಬೈದ. ಪಕ್ಕದ ರೂಮಿನವರು ಬಾಗಿಲು ತೆಗೆದು ಇಣುಕಿದರು. ನಾನು ಕೈ ಸನ್ನೆ ಮಾಡಿ ಒಳಗೆ ಕಳಿಸಿದೆ. ಖರೇ ಹೇಳುತ್ತೇನೆ, ನನಗೆ ಖುಷಿ ಆಯಿತು. ಊರಿಂದ ಬಂದ ಮೇಲೆ ಅವನು ದನಿ ಎತ್ತಿದ್ದು ಅವತ್ತೇ ಮೊದಲು. ಎದುರು ಮಾತಾಡಲಿಲ್ಲ. ಬೈದು ಬೈದು ಸಾಕಾದ ಮೇಲೆ ಪಾಸ್‌ಬುಕ್ ಕೈಗೆ ತಗೊಂಡು ಕೇಳಿದ, "ಇದನ್ನ ಅಕಿ ಯಾವಾಗ ಮಾಡಿಸಿದ್ಲು?" ಯಾರಿಗೂ ಹೇಳದೇ ಮಾಡಿಸಿದ್ದರು. ನಾಮಿನಿ ಇವನೇ.

ಮರುದಿನ ಅಂಗಡಿಯಲ್ಲಿ ಕೂತು ಕ್ಲೇಮ್ ಫಾರ್ಮ್ ತುಂಬಿದ. ಮರಣ ಪ್ರಮಾಣಪತ್ರ, ಅವನ ಆಧಾರ್, ಅವನ ಖಾತೆಯ ಪಾಸ್‌ಬುಕ್ ಮೊದಲ ಪುಟ, ಎಲ್ಲ ಜೋಡಿಸಿ ಪಿನ್ ಹಾಕಿದೆ. ಮೃತರಿಗೂ ನಾಮಿನಿಗೂ ಏನು ಸಂಬಂಧ ಅನ್ನೋ ಕಾಲಂ ಹತ್ತಿರ ಅವನ ಪೆನ್ನು ನಿಂತಿತು. 'ಮಗ' ಅಂತ ಎರಡಕ್ಷರ ಬರೆಯೋಕೆ ಆಗುತ್ತಿಲ್ಲ. ನಾನು ಮಷೀನ್ ಕಡೆ ಮುಖ ಮಾಡಿ, "ಲಗೂನ ಬರಿಯಲೇ, ಹಿಂದ ಮಂದಿ ನಿಂತಾರ" ಅಂದೆ. ಹಿಂದೆ ನಿಂತಿದ್ದವನು ಒಬ್ಬ ಹುಡುಗ, ಅವನಿಗೆ ಅವಸರ ಏನೂ ಇರಲಿಲ್ಲ. ಅಂತೂ ಬರೆದ. ಬ್ಯಾಂಕಿಗೆ ಜೊತೆಗೆ ಹೋದೆ. ಕೌಂಟರಿನಲ್ಲಿ "ಯಾರು ತೀರಿಕೊಂಡಿದ್ದು?" ಅಂತ ಕೇಳುತ್ತಾರಲ್ಲ, ಅದನ್ನು ನಾನೇ ಹೇಳಿದೆ. ಯಾರಾದರೂ ಜೊತೆಗೆ ಹೋಗೋದಿದ್ದರೆ ಈ ಒಂದು ಪ್ರಶ್ನೆಗಾದರೂ ಹೋಗಬೇಕು.

ರೊಟ್ಟಿ ಬಗ್ಗೆ ಹೇಳದೇ ಬಿಟ್ಟರೆ ಆಗೋದಿಲ್ಲ. ಅವನ ಅವ್ವ ಮಾಡಿ ಕಳಿಸಿದ್ದ ಕಟಕ್ ರೊಟ್ಟಿ ಇನ್ನೂ ಒಂದಿಷ್ಟು ಉಳಿದಿದ್ದವು. ಅವನು ತಿನ್ನುತ್ತಿರಲಿಲ್ಲ, ಮುಟ್ಟೋಕೂ ಬಿಡುತ್ತಿರಲಿಲ್ಲ. ಜೋಳದ ಕಟಕ್ ರೊಟ್ಟಿ ಒಣ ಹವೆಯಲ್ಲಿ ವಾರಗಟ್ಟಲೆ ಇರುತ್ತೆ, ಆದರೆ ಮಳೆಗಾಲದ ಥಂಡಿಗೆ ಮೆತ್ತಗಾಗುತ್ತೆ, ಬಿಟ್ಟರೆ ಬೂಸಲು. ಒಂದು ಸಂಜೆ ಅವನ ಎದುರಿಗೇ ರೊಟ್ಟಿ ತೆಗೆದು ಹಂಚಿನ ಮೇಲೆ ದೊಡ್ಡ ಉರಿಯಲ್ಲಿ ಇಟ್ಟೆ. ಬೇಕಂತಲೇ. ಯಾರಾದರೂ ತಪ್ಪು ಮಾಡಿದರೆ ತಿದ್ದದೇ ಇರೋಕೆ ಅವನಿಂದ ಆಗೋದಿಲ್ಲ. ಅದಕ್ಕೇ ಅರ್ಧ ಜಗಳ ನಮ್ಮದು.

"ಹೊತ್ತತಾವಲೇ! ಹಂಗಲ್ಲ ಅದು" ಅಂತ ಬಂದ.

"ಮತ್ತ ಹೆಂಗ?"

"ಅವ್ವ ಒಲಿ ಮುಂದ ನಿಂದರಿಸಿ ಇಡ್ತಿದ್ಲು, ಕೆಂಡದ ಕಾವು ಸಾಕು. ಸಣ್ಣ ಉರಿ ಮಾಡು, ತಿರುವ್ಯಾಡು."

ಅಷ್ಟೇ ಸಾಕಾಯಿತು. ಅವ್ವ ಎಷ್ಟಕ್ಕೆ ಏಳುತ್ತಿದ್ದರು, ರೊಟ್ಟಿ ಬಡಿಯೋ ಸದ್ದಿಗೆ ತಾನು ಹೇಗೆ ಎಚ್ಚರ ಆಗುತ್ತಿದ್ದೆ, ಬೆಣ್ಣೆಹಳ್ಳ ತುಂಬಿ ಬಂದು ರಸ್ತೆ ಬಂದ್ ಆದಾಗ ಬುತ್ತಿ ಬರದೇ ತಾನು ಫೋನಿನಲ್ಲಿ ಅವ್ವನ ಮೇಲೆ ಹೇಗೆ ಹಾರಾಡಿದೆ, ಎಲ್ಲ ಹೇಳಿದ. ನಾನು ತಿರುವ್ಯಾಡಿದೆ. ಎರಡು ರೊಟ್ಟಿ ಝುಣಕದ ಜೊತೆ ತಿಂದೆವು. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದೆ. ಆಮೇಲೆ ಇದೇ ಉಪಾಯವನ್ನು ಬದನೆಕಾಯಿ ಪಲ್ಯಕ್ಕೂ ಶೇಂಗಾ ಚಟ್ನಿಗೂ ಮಾಡಿದೆ. ಬೇಕಂತಲೇ ಕೆಡಿಸೋದು, ಅವನು ತಿದ್ದೋದು, ತಿದ್ದುತ್ತಾ ಅವ್ವನ ಮಾತು ಬರೋದು. ಚಟ್ನಿ ಮಾತ್ರ ನನಗೆ ಹೆಂಗೂ ಬರೋದಿಲ್ಲ, ಅಲ್ಲಿ ನಾಟಕ ಬೇಕಾಗಲಿಲ್ಲ.

ನನ್ನ ಕೈಗೆ ಮೀರಿದ್ದೂ ಇರಬಹುದು ಅನ್ನೋ ಅಂಜಿಕೆ ಇತ್ತು. ನಿದ್ದೆ ಸರಿ ಇರಲಿಲ್ಲ, ಪುಸ್ತಕ ತೆಗೆದರೆ ಒಂದೇ ಪುಟ ನೋಡುತ್ತಾ ಕೂರುತ್ತಿದ್ದ. ಮನಸ್ಸಿನ ಕಾಯಿಲೆಯ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೇ ಊರಲ್ಲಿದೆ. ಆದರೆ ನಮ್ಮ ಕಡೆ 'ಧಾರವಾಡಕ್ಕ ಒಯ್ಯಬೇಕು ನಿನ್ನ' ಅಂದರೆ ಬೈಗುಳ, ಬಾಯಿ ತೆಗೆದು ಹೇಳೋದು ಹೇಗೆ? ಮನಸ್ಸಿನ ಕಷ್ಟ ಫೋನಿನಲ್ಲಿ ಹೇಳಿಕೊಳ್ಳೋ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ನೀರಿನ ಪಾಳಿಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದೆ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ಇದೇನ್ ಗ್ಯಾಸ್ ಬುಕಿಂಗ್ ನಂಬರೇನಲೇ?" ಅಂದ.

"ಹೌದು. ತಲಿಯಾಗ ಗ್ಯಾಸ್ ತುಂಬಿದ್ರ ಮಾಡೂದು."

ಮಾಡಿದನೋ ಇಲ್ಲವೋ ನಾನು ಕೇಳಿಲ್ಲ. ಬರುಬರುತ್ತಾ ಓದೋ ಪುಟ ಮುಂದೆ ಸರಿಯಿತು, ಅಷ್ಟು ನನ್ನ ಕಣ್ಣಿಗೆ ಬಿತ್ತು.

ವಿಮೆ ಹಣ ಅವನ ಖಾತೆಗೆ ಬಂತು. ಅದರಲ್ಲಿ ಅಪ್ಪನ ಸಾಲ ಒಂದಿಷ್ಟು ತೀರಿಸಿದ. ಈಗ ಸದ್ಯದ ಜಗಳ ಗ್ಯಾಸಿನದು. ನಮ್ಮ ಸಣ್ಣ ಸಿಲಿಂಡರ್ ಆ ದಿನಗಳಲ್ಲಿ ಬೇಗ ಖಾಲಿ ಆಯಿತು. ರಾತ್ರಿ ಚಹಾ ಕುಡಿದವನು ಅವನು, ಜಾಸ್ತಿ ಅವನು ಕೊಡಬೇಕು ಅಂತ ನಾನು. ಮಾಡ್ಲೇನು ಅಂತ ಕೇಳಿದವನು ನೀನು, ಕಪ್ಪಿಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ಕುಡಿದವನೂ ನೀನು ಅಂತ ಅವನು. ಕಪ್ಪಿನ ಲೆಕ್ಕ ಬರೆದಿಟ್ಟಿದ್ದೇನೆ ಅನ್ನುತ್ತಾನೆ. ತೋರಿಸು ಅಂದರೆ ತೋರಿಸೋದಿಲ್ಲ.